ಡ್ರೈನ್ ಬೋಲ್ಟಿನ ಥ್ರೆಡ್ ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಕಾರು ಸಾಕಿದವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಆಯಿಲ್ ಬದಲಿಸಲು ಬೋಲ್ಟ್ ಬಿಚ್ಚಿದೆ, ವಾಪಸ್ ಹಾಕುವಾಗ ಅದು ಸುಮ್ನೆ ಸುತ್ತೋಕೆ ಶುರುವಾಯ್ತು, ಈಗೇನು ಮಾಡಲಿ ಅಂತ. ಕೆಲವರು ಪತ್ರ ಬರೆದು ಕೇಳಿದ್ದಾರೆ, ಕೆಲವರು ಕಾರಿನ ಕೆಳಗೆ ಮಲಗಿಕೊಂಡೇ ಫೋನ್ ಮಾಡಿದ್ದಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಜಾಗಕ್ಕೆ ಸಂಪ್ ಎನ್ನುವವರಿದ್ದಾರೆ, ಆಯಿಲ್ ಪ್ಯಾನ್ ಎನ್ನುವವರಿದ್ದಾರೆ. ಗ್ಯಾರೇಜಿನ ಮಾತಿನಂತೆ ನಾನು ಚೇಂಬರ್ ಎಂದೇ ಬರೆಯುತ್ತೇನೆ. ಆಯಿಲ್ ಇಳಿಸಲು ಅದರಲ್ಲಿ ಇರುವುದೇ ಡ್ರೈನ್ ಬೋಲ್ಟ್. ಥ್ರೆಡ್ ಅಂದರೆ ಬೋಲ್ಟಿನ ಮೈಮೇಲೂ ಅದು ಕೂರುವ ತೂತಿನ ಒಳಗೂ ಇರುವ ಸುರುಳಿ ಹಲ್ಲು.

## ಮೊದಲ ಗಾಬರಿ

ಬೋಲ್ಟ್ ಸುಮ್ನೆ ಸುತ್ತುತ್ತಾ ಇದೆ, ಟೈಟೇ ಆಗ್ತಿಲ್ಲ. ಥ್ರೆಡ್ ಹೋಯ್ತು ಅಂತಲೇ ಅರ್ಥನಾ?

ಬಹುಪಾಲು ಹೌದು. ಆದರೆ ಯಾವ ಥ್ರೆಡ್ ಹೋಗಿದೆ ಅನ್ನೋದು ಮುಖ್ಯ. ಬೋಲ್ಟ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಬೋಲ್ಟಿನ ಥ್ರೆಡ್ಡುಗಳ ನಡುವೆ ಬೆಳ್ಳಗೆ ಹೊಳೆಯುವ ಸಣ್ಣ ಸುರುಳಿ ಸುತ್ತಿಕೊಂಡಿದೆಯಾ? ಪೆನ್ನಿನ ಸ್ಪ್ರಿಂಗ್ ಹಿಗ್ಗಿದ ಹಾಗೆ ಕಾಣುತ್ತದೆ. ಉಗುರಿನಲ್ಲಿ ಎಬ್ಬಿಸಿದರೆ ಬಿಚ್ಚಿಕೊಂಡು ಬರುತ್ತದೆ. ಅದೇ ಚೇಂಬರಿನ ಥ್ರೆಡ್. ಬೋಲ್ಟ್ ಉಕ್ಕಿನದ್ದು, ಚೇಂಬರ್ ಅಲ್ಯೂಮಿನಿಯಂದು. ಇಬ್ಬರ ಜಗಳದಲ್ಲಿ ಮೆತ್ತಗಿನವನೇ ಸೋಲುತ್ತಾನೆ.

ಸುರುಳಿ ಇಲ್ಲ, ಬದಲಿಗೆ ಬೋಲ್ಟಿನ ಥ್ರೆಡ್ಡೇ ಚಪ್ಪಟೆಯಾಗಿದೆ ಅಂದರೆ ನಿಮ್ಮ ಅದೃಷ್ಟ, ಹೊಸ ಬೋಲ್ಟಿನಲ್ಲಿ ಕೆಲಸ ಮುಗಿಯಬಹುದು. ಮೂರನೇ ಸಾಧ್ಯತೆಯೂ ಇದೆ. ತಗಡಿನ ಚೇಂಬರಿನ ಒಳಗೆ ಬೆಸುಗೆ ಹಾಕಿದ ನಟ್ ಇರುತ್ತದೆ. ಆ ಬೆಸುಗೆ ಬಿಟ್ಟರೆ ನಟ್ಟೂ ಬೋಲ್ಟೂ ಜೊತೆಜೊತೆಗೆ ಸುತ್ತುತ್ತವೆ.

ನಾನೇನೂ ಜೋರಾಗಿ ತಿರುಗಿಸಿಲ್ಲ. ಮತ್ತೆ ಹೇಗೆ ಹಾಳಾಯ್ತು?

ಬಹುಶಃ ನೀವು ಬರೀ ಕೊನೆಯ ಏಟು ಕೊಟ್ಟಿರಿ. ಹಳೆ ಕಾರಿನ ಈ ಬೋಲ್ಟನ್ನು ಹತ್ತಾರು ವರ್ಷದಲ್ಲಿ ಹತ್ತಾರು ಕೈಗಳು ಬಿಗಿದಿರುತ್ತವೆ. ಒಬ್ಬರು ಇಂಪ್ಯಾಕ್ಟ್ ಗನ್ ಹಿಡಿದಿರುತ್ತಾರೆ, ಇನ್ನೊಬ್ಬರು ಮೊಳದುದ್ದದ ಹಿಡಿಕೆ. ಪ್ರತಿ ಸಲವೂ ಅಲ್ಯೂಮಿನಿಯಂ ಥ್ರೆಡ್ ಚೂರು ಚೂರೇ ಹಿಗ್ಗುತ್ತದೆ. ಭಾರವೆಲ್ಲ ಎಲ್ಲ ಥ್ರೆಡ್ಡಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಬೋಲ್ಟಿನ ತಲೆಯ ಹತ್ತಿರದ ಮೊದಲ ಎರಡು ಮೂರು ಸುತ್ತುಗಳೇ ಜಾಸ್ತಿ ಹೊರುತ್ತವೆ. ಅವು ಹರಿದರೆ ಹೊರೆ ಮುಂದಿನದಕ್ಕೆ, ಅದೂ ಹರಿದರೆ ಅದರ ಮುಂದಿನದಕ್ಕೆ.

ಬೋಲ್ಟನ್ನು ಓರೆಯಾಗಿ ಹಿಡಿದು, ಸ್ಪ್ಯಾನರ್ ಹಾಕಿಯೇ ತಿರುಗಿಸಲು ಶುರು ಮಾಡುವುದು ಇನ್ನೊಂದು ಕಾರಣ. ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಬಿಚ್ಚಿ ಮತ್ತೆ ಹಿಡಿಯಿರಿ.

ನನ್ನ ಕೈಯಲ್ಲಿ ಮೊದಲ ಸಲ ಹಾಳಾದದ್ದು ವಾಷರ್ ದೆಸೆಯಿಂದ. ಹೊಸ ವಾಷರ್ ಹಾಕಿ ಬಿಗಿದೆ, ಜಿನುಗಿತು. ಇನ್ನೂ ಬಿಗಿದೆ, ಮತ್ತೂ ಜಿನುಗಿತು. ಮೂರನೇ ಸಲ ಕೈಗೆ ಬೆಣ್ಣೆಯಂತೆ ಮೆತ್ತಗಾಯಿತು. ಆಮೇಲೆ ಕೆಳಗೆ ತೂರಿ ನೋಡಿದರೆ ಹಳೆಯ ತಾಮ್ರದ ವಾಷರ್ ಕಪ್ಪಾಗಿ ಚೇಂಬರಿಗೇ ಅಂಟಿಕೊಂಡಿತ್ತು, ಚೇಂಬರಿನದೇ ಅಂಚು ಅನ್ನುವ ಹಾಗೆ. ಅದರ ಮೇಲೆ ನಾನು ಇನ್ನೊಂದು ಕೂರಿಸಿದ್ದೆ. ಅಂದಿನಿಂದ ಬೋಲ್ಟ್ ಬಿಚ್ಚಿದ ತಕ್ಷಣ ಉಗುರಿನಲ್ಲಿ ಆ ಜಾಗ ಕೆರೆದು ನೋಡುತ್ತೇನೆ.

ಬೋಲ್ಟ್ ಟೈಟಾಗಿಲ್ಲ, ಆದ್ರೆ ಆಯಿಲ್ ಸೋರ್ತಿಲ್ಲ. ಹೀಗೇ ಓಡಿಸ್ಲಾ?

ಬೇಡ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಸೋರುವುದು ಒಂದು, ಕಳಚಿ ಬೀಳುವುದು ಇನ್ನೊಂದು.

ಆಯಿಲ್ ಪಂಪ್ ಹುಟ್ಟಿಸುವ ಒತ್ತಡ ಬೇರಿಂಗಿಗೆ ಹೋಗುವ ದಾರಿಗಳಲ್ಲಿ ಇರುತ್ತದೆ, ಚೇಂಬರಿನಲ್ಲಿ ಅಲ್ಲ. ಚೇಂಬರಿನ ಬೋಲ್ಟ್ ತಡೆಹಿಡಿಯುವುದು ಗೇಣೆತ್ತರ ಕೂಡ ಇಲ್ಲದ ಆಯಿಲಿನ ಭಾರವನ್ನು ಮಾತ್ರ. ಆದ್ದರಿಂದ ಅರ್ಧ ಥ್ರೆಡ್ ಹೋದ ಬೋಲ್ಟ್ ಕೂಡ ಒಂದು ಹನಿ ಬಿಡದೆ ಕೂರಬಹುದು. ಆದರೆ ಎಂಜಿನ್ ಅಲುಗುತ್ತಲೇ ಇರುತ್ತದೆ. ಬಿಗಿತ ಇಲ್ಲದ ಬೋಲ್ಟ್ ದಿನದಿನಕ್ಕೆ ಸಡಿಲಾಗುತ್ತದೆ. ಅದು ದಾರಿಯಲ್ಲಿ ಬಿದ್ದರೆ ಮೂರು ನಾಲ್ಕು ಲೀಟರ್ ಆಯಿಲ್ ನೋಡನೋಡುತ್ತಲೇ ಖಾಲಿ. ಕೆಂಪು ದೀಪ ಹತ್ತಿದ್ದನ್ನು ಕಂಡು ನೀವು ಗಾಡಿ ಬದಿಗೆ ಹಾಕುವಷ್ಟರಲ್ಲಿ ಬೇರಿಂಗಿನ ಕಥೆ ಮುಗಿದಿರುತ್ತದೆ. ಜಿನುಗುವ ಬೋಲ್ಟಿಗಿಂತ ಜಿನುಗದೆ ಸಡಿಲಾಗಿರುವ ಬೋಲ್ಟಿಗೇ ನಾನು ಜಾಸ್ತಿ ಹೆದರುತ್ತೇನೆ.

ಒಂದೊಂದೇ ಹನಿ ಬೀಳ್ತಿದೆ. ಇನ್ನೂ ಅರ್ಧ ಸುತ್ತು ಕೊಡ್ಲಾ?

ಕೊಡಬೇಡಿ. ಸೋರಿಕೆ ನಿಲ್ಲಿಸುವುದು ವಾಷರಿನ ಕೆಲಸ, ನಿಮ್ಮ ತೋಳಿನದ್ದಲ್ಲ. ಆಯಿಲ್ ಇಳಿಸಿ, ವಾಷರ್ ಕೂರುವ ಮುಖ ಒರೆಸಿ, ಗೀರು ಇದೆಯಾ ನೋಡಿ, ಹೊಸ ವಾಷರ್ ಹಾಕಿ. ಥ್ರೆಡ್ ಗಟ್ಟಿಯಿದ್ದರೆ ಹನಿ ಅಲ್ಲಿಗೇ ನಿಲ್ಲುತ್ತದೆ.

ಟೆಫ್ಲಾನ್ ಟೇಪ್ ಸುತ್ತಿದ್ರೆ ನಿಲ್ಲಲ್ವಾ?

ಟೇಪ್ ಸಂದು ಮುಚ್ಚುತ್ತದೆ, ಹಿಡಿತ ಕೊಡುವುದಿಲ್ಲ. ಹರಿದ ಥ್ರೆಡ್ಡಿಗೆ ಬೇಕಾದದ್ದು ಹಿಡಿತ. ಅದರ ಮೇಲೆ ಟೇಪಿನ ಚೂರು ಕಿತ್ತು ಒಳಗೆ ಸೇರಿದರೆ ಸ್ಟ್ರೈನರಿನ, ಅಂದರೆ ಪಂಪಿಗೆ ಹೋಗುವ ಆಯಿಲ್ ಸೋಸುವ ಜಾಲರಿಯಲ್ಲಿ ಹೋಗಿ ಕೂರುತ್ತದೆ. ಟೇಪು ನಲ್ಲಿಗಿರಲಿ.

## ಬಿಚ್ಚಿ ನೋಡುವಾಗ

ಸುತ್ತುತ್ತೆ, ಆದ್ರೆ ಹೊರಗೇ ಬರ್ತಿಲ್ಲ. ಹೇಗೆ ತೆಗೆಯೋದು?

ಒಳಗಡೆ ಹರಿದ ಥ್ರೆಡ್ ಮೇಲೆ ಬೋಲ್ಟ್ ಜಾರುತ್ತಿದೆ, ಅಷ್ಟೇ. ಹೊರಕ್ಕೆ ಎಳೆಯುತ್ತಾ ತಿರುಗಿಸಬೇಕು. ವಾಷರ್ ಮತ್ತು ಚೇಂಬರ್ ನಡುವೆ ತೆಳು ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಹಗುರವಾಗಿ ಮೀಟಿ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸಿ. ಒಂದೆರಡು ಸುತ್ತು ಹೊರಬಂದ ಮೇಲೆ ತಲೆಯನ್ನು ಲಾಕಿಂಗ್ ಪ್ಲೈಯರಿನಲ್ಲಿ ಕಚ್ಚಿ ಎಳೆಯುತ್ತಾ ತಿರುಗಿಸಬಹುದು. ಮೀಟುವಾಗ ವಾಷರ್ ಕೂರುವ ಮುಖಕ್ಕೆ ಗೀರು ಬೀಳದಿರಲಿ. ಒಂದು ತಗಡಿನ ಚೂರು ಅಡ್ಡ ಇಟ್ಟುಕೊಳ್ಳಿ.

ಒಳಗಿನ ನಟ್ಟೇ ಸುತ್ತುತ್ತಿದ್ದರೆ ಈ ಉಪಾಯ ಸಾಗದು. ಆಯಿಲನ್ನು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇರುವ ದಾರಿಯಿಂದ ಹೀರಿ ತೆಗೆದು ಚೇಂಬರ್ ಇಳಿಸುವುದೇ ಸರಿ.

ಇನ್ನೊಂದು ಮಾತು. ಗಾಡಿ ಬರೀ ಜಾಕಿನ ಮೇಲೆ ನಿಂತಿದ್ದರೆ ಕೆಳಗೆ ಹೋಗಲೇಬೇಡಿ. ಸ್ಟ್ಯಾಂಡ್ ಇಟ್ಟು, ಚಕ್ರಕ್ಕೆ ಅಡ್ಡ ಕೊಟ್ಟು, ಗಾಡಿಯನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿ. ಈ ಕೆಲಸದಲ್ಲಿ ನೀವು ಕೆಳಗಿನಿಂದ ಗಾಡಿಯನ್ನು ಎಳೆದಾಡುತ್ತಲೇ ಇರುತ್ತೀರಿ.

ಹೊಸ ಬೋಲ್ಟ್ ತಂದ್ರೆ ಸರಿಹೋಗಲ್ವಾ?

ಬೋಲ್ಟಿನದೇ ಥ್ರೆಡ್ ಹೋಗಿದ್ದರೆ ಸರಿಹೋಗುತ್ತದೆ. ಚೇಂಬರಿನದು ಹೋಗಿದ್ದರೂ ಒಂದು ಸಣ್ಣ ಆಸೆ ಇಟ್ಟುಕೊಳ್ಳಬಹುದು. ಕೆಲವು ಚೇಂಬರಿನಲ್ಲಿ ಥ್ರೆಡ್ ಇರುವ ಭಾಗ ದಪ್ಪ ಇರುತ್ತದೆ, ಕಂಪನಿ ಬೋಲ್ಟ್ ಅಷ್ಟು ಉದ್ದ ಇರುವುದಿಲ್ಲ. ಒಳಗಡೆ ನಾಲ್ಕೈದು ಸುತ್ತು ಹೊಸದಾಗಿಯೇ ಉಳಿದಿರುತ್ತದೆ. ಕಡ್ಡಿಯ ತುದಿ ಬಗ್ಗಿಸಿ ತೂತಿನ ಒಳಗೆ ಆಡಿಸಿದರೆ ಕರಕರ ಎಂದು ಥ್ರೆಡ್ ಸಿಗುತ್ತದೆ, ಅಲ್ಲಿಂದ ಒಳ ಅಂಚಿನವರೆಗೆ ಅಳೆಯಬಹುದು. ಹಾಗಿದ್ದರೆ ಅದೇ ಥ್ರೆಡ್ಡಿನ, 4–5 ಮಿ.ಮೀ. ಉದ್ದ ಜಾಸ್ತಿ ಇರುವ ಬೋಲ್ಟ್ ಸಾಕು. ಆದರೆ ತುದಿ ಒಳಗಿನ ಅಡ್ಡತಗಡಿಗೋ ಸ್ಟ್ರೈನರಿಗೋ ತಾಗಬಾರದು.

ನನ್ನ ಬೋಲ್ಟ್ ಯಾವ ಸೈಜು ಅಂತ ಹೇಗೆ ಗೊತ್ತಾಗುತ್ತೆ?

ತಲೆ ಅಳೆದು ಹೇಳಬೇಡಿ. 17ರ ಸ್ಪ್ಯಾನರ್ ಕೂರುತ್ತದೆ ಅಂದರೆ ತಲೆ ಮಾತ್ರ 17. ವರ್ನಿಯರಿನಲ್ಲಿ ಥ್ರೆಡ್ಡಿನ ಹೊರ ಅಳತೆ ತೆಗೆಯಿರಿ. ಅದು 13.8 ಬಂದರೆ ಎಂ14, ಅಂದರೆ 14 ಮಿ.ಮೀ. ಬೋಲ್ಟ್; 11.8 ಬಂದರೆ ಎಂ12. ಆಮೇಲೆ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ. ಪಿಚ್ ಗೇಜ್ ಇಲ್ಲದಿದ್ದರೆ ಹತ್ತು ಥ್ರೆಡ್ಡಿನ ದೂರ ಅಳೆದು ಹತ್ತರಿಂದ ಭಾಗಿಸಿ. 15 ಮಿ.ಮೀ. ಬಂದರೆ ಪಿಚ್ 1.5.

ಹೋಂಡಾ, ಸುಜುಕಿ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಎಂ14×1.5 ಸಾಮಾನ್ಯ. ಟೊಯೋಟಾದಲ್ಲಿ ಎಂ12×1.25 ಸಾಮಾನ್ಯ. ಹಳೆಯ ಅಮೆರಿಕನ್ ಗಾಡಿಗಳಲ್ಲಿ ಅರ್ಧ ಇಂಚು, ಇಂಚಿಗೆ 20 ಥ್ರೆಡ್ ಬರುತ್ತದೆ. ಇಲ್ಲೊಂದು ಬಲೆ ಇದೆ. ಇಂಚಿಗೆ 20 ಅಂದರೆ ಪಿಚ್ 1.27 ಮಿ.ಮೀ., 1.25ಕ್ಕೆ ತೀರಾ ಹತ್ತಿರ. ಅರ್ಧ ಇಂಚು ಅಂದರೆ 12.7 ಮಿ.ಮೀ. ಹೀಗಾಗಿ ಆ ತೂತಿಗೆ ಎಂ12×1.25 ಬೋಲ್ಟ್ ಸಲೀಸಾಗಿ ಹೋಗುತ್ತದೆ, ಸ್ವಲ್ಪ ಲಟಪಟ ಅನ್ನುತ್ತದೆ, ಬಿಗಿಯುವಾಗ ಥ್ರೆಡ್ಡಿನ ತುದಿಗಳನ್ನಷ್ಟೇ ಕಚ್ಚಿ ಕಿತ್ತುಕೊಂಡು ಬರುತ್ತದೆ. ಹೊಸ ಬೋಲ್ಟ್ ಲಟಪಟ ಅಂದರೆ ಅಲ್ಲೇ ನಿಲ್ಲಿಸಿ.

ಚೇಂಬರ್ ತಗಡಿಂದೋ ಅಲ್ಯೂಮಿನಿಯಂದೋ ಅಂತ ನೋಡ್ಬೇಕಾ?

ನೋಡಲೇಬೇಕು, ರಿಪೇರಿ ದಾರಿ ಅದರ ಮೇಲೇ ನಿಂತಿದೆ. ಅಯಸ್ಕಾಂತ ಅಂಟಿದರೆ ಉಕ್ಕಿನ ತಗಡು. ತಗಡು ಬರೀ ಒಂದೆರಡು ಮಿ.ಮೀ. ದಪ್ಪ, ಥ್ರೆಡ್ ಇರುವುದು ಒಳಗಿನ ನಟ್ಟಿನಲ್ಲಿ. ಅದು ಉಕ್ಕಿನ ನಟ್ ಆದ್ದರಿಂದ ಸುಲಭಕ್ಕೆ ಹರಿಯುವುದಿಲ್ಲ, ಹರಿದರೆ ದೊಡ್ಡ ಸೈಜಿಗೆ ಕೊರೆಯಲು ಗೋಡೆಯೂ ಜಾಸ್ತಿ ಇರುವುದಿಲ್ಲ. ಎರಕದ ಅಲ್ಯೂಮಿನಿಯಂ ಚೇಂಬರಿನಲ್ಲಿ ಥ್ರೆಡ್ ಬೇಗ ಹರಿಯುತ್ತದೆ, ಆದರೆ ಸುತ್ತಲೂ ದಪ್ಪ ಲೋಹ ಇರುವುದರಿಂದ ಬುಷ್ (ಥ್ರೆಡ್ ಇರುವ ಲೋಹದ ಉಂಗುರ) ಹಾಕಲು ಅನುಕೂಲ. ಗಾಳಿಯಿಂದ ತಂಪಾಗುವ ಹಳೆ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ನಿನ ಕಥೆಯೇ ಬೇರೆ. ಅಲ್ಲಿ ಜಾಲರಿ ಹಿಡಿದಿಡುವ ಒಂದು ದುಂಡು ತಟ್ಟೆ, ಅದಕ್ಕೆ ಆರು ಸಣ್ಣ ನಟ್. ಡ್ರೈನ್ ಬೋಲ್ಟ್ ಇರುವ ತಟ್ಟೆಯಾದರೆ ಬೋಲ್ಟ್ ನಡುವೆ ಕೂರುತ್ತದೆ. ಥ್ರೆಡ್ ಹೋದರೆ ತಟ್ಟೆ ಬದಲಿಸಿದರಾಯಿತು. ಎಲ್ಲ ಗಾಡಿಗೂ ಹೀಗೇ ಮಾಡಬಹುದಿತ್ತು ಅನ್ನಿಸುತ್ತದೆ.

## ರಿಪೇರಿಯ ದಾರಿಗಳು

ಅದೇ ಸೈಜಿನ ಟ್ಯಾಪ್ ಹೊಡೆದ್ರೆ ಸಾಲ್ದಾ?

ಟ್ಯಾಪ್ ಅಂದರೆ ತೂತಿನ ಒಳಗೆ ಥ್ರೆಡ್ ಕೊರೆಯುವ ಉಪಕರಣ. ಥ್ರೆಡ್ ಬಗ್ಗಿದ್ದರೆ, ಕೊಳೆ ತುಂಬಿದ್ದರೆ, ಮೊದಲ ಸುತ್ತು ಮಾತ್ರ ಓರೆಯಾಗಿದ್ದರೆ ಸಾಕು. ಹರಿದು ಹೋಗಿದ್ದರೆ ಸಾಲದು. ಇಲ್ಲದ ಲೋಹವನ್ನು ಟ್ಯಾಪ್ ಹುಟ್ಟಿಸುವುದಿಲ್ಲ ಅಲ್ವಾ? ಕತ್ತರಿಸುವ ಟ್ಯಾಪಿಗಿಂತ ಥ್ರೆಡ್ ಚೇಸರ್ ಒಳ್ಳೆಯದು, ಅದು ಬಗ್ಗಿದ ಲೋಹವನ್ನು ನೇರ ಮಾಡುತ್ತದೆ, ಕೆರೆದು ತೆಗೆಯುವುದಿಲ್ಲ. ಸಿಗದಿದ್ದರೆ ಅದೇ ಸೈಜಿನ ಒಳ್ಳೆಯ ಬೋಲ್ಟಿಗೆ ಉದ್ದುದ್ದ ಎರಡು ಮೂರು ಕೊರಕಲು ಗರಗಸದಲ್ಲಿ ಕೊಯ್ದು ನೀವೇ ಮಾಡಿಕೊಳ್ಳಬಹುದು. ಚೇಂಬರ್ ಇಳಿಸಿದ್ದರೆ ಒಳಗಿನಿಂದ ಹೊರಕ್ಕೆ ನಡೆಸಿ. ಒಳಗಿನ ಥ್ರೆಡ್ ಚೆನ್ನಾಗಿರುವುದರಿಂದ ಅದೇ ದಾರಿ ತೋರಿಸುತ್ತದೆ.

ಓವರ್‌ಸೈಜ್ ಬೋಲ್ಟ್ ಸಿಗುತ್ತಂತಲ್ಲ, ತಾನೇ ಥ್ರೆಡ್ ಕೊರ್ಕೊಂಡು ಹೋಗುತ್ತಂತೆ. ಅದೇ ಸುಲಭ ಅಲ್ವಾ?

ಸುಲಭ ಹೌದು. ನನಗೆ ಇಷ್ಟ ಇಲ್ಲ. ಅದು ಮೊದಲಿಗಿಂತ ಕೂದಲಷ್ಟು ದಪ್ಪ ಇರುತ್ತದೆ, ಪಕ್ಕದಲ್ಲಿ ಒಂದು ಕೊರಕಲು ಇರುತ್ತದೆ, ಹೋಗುತ್ತಾ ಥ್ರೆಡ್ ಕೊರೆಯುತ್ತದೆ. ಹಳೆಯ ಹರಕು ದಾರಿಯನ್ನೇ ಹಿಡಿಯುವುದರಿಂದ ಓರೆಯಾಗಿ ಹೋಗುವುದೇ ಜಾಸ್ತಿ. ಓರೆಯಾದರೆ ವಾಷರಿನ ಒಂದು ಪಕ್ಕ ಮಾತ್ರ ಒತ್ತುತ್ತದೆ, ಇನ್ನೊಂದು ಪಕ್ಕ ಜಿನುಗುತ್ತದೆ. ಎರಕದ ಅಲ್ಯೂಮಿನಿಯಂ ಬಿರುಕು ಬಿಡುವ ಭಯವೂ ಇದೆ. ಪ್ರತಿ ಸಲ ಬಿಚ್ಚಿದಾಗಲೂ ಮತ್ತಷ್ಟು ಕೊರೆಯುತ್ತದೆ.

ಹಾಕಲೇಬೇಕೆಂದರೆ ಎರಡು ತುಂಡಿನದು ತನ್ನಿ. ದೊಡ್ಡ ಬೋಲ್ಟ್ ಒಮ್ಮೆ ಕೂತರೆ ಮತ್ತೆ ಬಿಚ್ಚುವ ಹಾಗಿಲ್ಲ. ಅದರ ನಡುವೆ ಇನ್ನೊಂದು ಸಣ್ಣ ಬೋಲ್ಟ್ ಇರುತ್ತದೆ, ಆಯಿಲ್ ಅಲ್ಲಿಂದ ಇಳಿಯುತ್ತದೆ. ತೂತು ಸಣ್ಣದು, ತಾಳ್ಮೆ ಬೇಕು.

ಹೆಲಿಕಾಯಿಲ್ ಒಳ್ಳೇದೋ, ಬುಷ್ ಒಳ್ಳೇದೋ?

ನನ್ನ ಮತ ಬುಷ್‌ಗೆ. ಕಾರಣ ಹೇಳುತ್ತೇನೆ.

ಹೆಲಿಕಾಯಿಲ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ತೂತನ್ನು ದೊಡ್ಡದು ಮಾಡಿ, ಅದರದ್ದೇ ವಿಶೇಷ ಟ್ಯಾಪ್ ಹೊಡೆದು, ಸುರುಳಿಯನ್ನು ಒಳಗೆ ತಿರುಗಿಸಿ ಕೂರಿಸುತ್ತಾರೆ. ಹೊರಗಿನ ಸುತ್ತು ಅಲ್ಯೂಮಿನಿಯಂ ಹಿಡಿಯುತ್ತದೆ, ಒಳಗಿನದು ಬೋಲ್ಟಿಗೆ ಹಳೆಯ ಸೈಜನ್ನೇ ಕೊಡುತ್ತದೆ. ಹಿಡಿತದಲ್ಲಿ ಹಳೆ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿಯೇ. ಒಮ್ಮೆ ಬಿಗಿದು ವರ್ಷಗಟ್ಟಲೆ ಮುಟ್ಟದ ಕಡೆಗೆ ಬಹಳ ಒಳ್ಳೆಯದು. ಡ್ರೈನ್ ಬೋಲ್ಟ್ ಹಾಗಲ್ಲ, ಮತ್ತೆ ಮತ್ತೆ ಬಿಚ್ಚಬೇಕು. ಒಂದು ದಿನ ಬೋಲ್ಟಿನ ಜೊತೆ ಸುರುಳಿಯೂ ಎದ್ದು ಬರುತ್ತದೆ. ಇನ್ನೊಂದು, ಸುರುಳಿ ಕೂರಿಸಿದ ಮೇಲೆ ಅದರ ತುದಿಯ ಸಣ್ಣ ಕಡ್ಡಿ ಮುರಿದು ತೆಗೆಯಬೇಕು. ಚೇಂಬರ್ ಗಾಡಿಯಲ್ಲೇ ಇದ್ದರೆ ಆ ಚೂರು ಒಳಗೆ ಬೀಳುತ್ತದೆ. ಉದ್ದ ಮೂತಿಯ ಇಕ್ಕಳದಲ್ಲಿ ಹಿಡಿದೇ ಮುರಿಯಿರಿ. ಅದು ಕೈಗೆ ಸಿಗುವ ತನಕ ಬೇರೆ ಕೆಲಸಕ್ಕೆ ಏಳಬೇಡಿ.

ಬುಷ್ ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಉಂಗುರ. ಕಿಟ್‌ನಲ್ಲಿ ಬರುವ ಒಳ್ಳೆಯ ಬುಷ್‌ಗಳಿಗೆ ಮೇಲೆ ಕಾಲರ್, ಅಂದರೆ ಅಗಲದ ಅಂಚು ಇರುತ್ತದೆ, ಅದು ಬುಷ್ ಒಳಗೆ ಜಾರದಂತೆ ತಡೆಯುತ್ತದೆ. ಟೈಮ್‌ಸರ್ಟ್ ಎಂಬ ಬ್ರ್ಯಾಂಡಿನ ತರಹದ್ದರಲ್ಲಿ ಕೆಳಗಿನ ಕೆಲವು ಥ್ರೆಡ್ ಬೇಕೆಂದೇ ಪೂರ್ತಿ ಮಾಡಿರುವುದಿಲ್ಲ. ಕೂರಿಸುವ ಉಪಕರಣ ಒಳಗೆ ಹಾದುಹೋಗುವಾಗ ಅದು ಹೊರಕ್ಕೆ ಹಿಗ್ಗಿ ಚೇಂಬರಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬೋಲ್ಟ್ ಎಷ್ಟು ಸಲ ಬಿಚ್ಚಿದರೂ ಬುಷ್ ಅಲುಗುವುದಿಲ್ಲ.

ಲೇತ್‌ನಲ್ಲಿ ಬುಷ್ ಮಾಡಿಸ್ತೀನಿ. ಹೊರಗಿನ ಅಳತೆ ಎಷ್ಟು ಹೇಳ್ಲಿ?

ಒಳಗೆ ಎಂ14×1.5 ಬೇಕು ಅಂದುಕೊಳ್ಳೋಣ. ಹೊರಗೆ ಎಂ18×1.5 ಇಟ್ಟರೆ ಥ್ರೆಡ್ಡಿನ ಬುಡದಲ್ಲಿ ಗೋಡೆ ಉಳಿಯುವುದು ಸುಮಾರು 1 ಮಿ.ಮೀ. ಉಕ್ಕಿನದಾದರೆ ನಡೆಯುತ್ತದೆ, ಹಿತ್ತಾಳೆಗೆ ತೆಳ್ಳಗಾಯಿತು. ಹೊರಗೆ ಎಂ20×1.5 ಇಟ್ಟರೆ ಸುಮಾರು 2 ಮಿ.ಮೀ. ಸಿಗುತ್ತದೆ, ಆದರೆ ಚೇಂಬರಿನ ಉಬ್ಬಿದ ಭಾಗದಲ್ಲಿ ಅಷ್ಟು ಕೊರೆಯುವಷ್ಟು ದಪ್ಪ ಇರಬೇಕು. ಕೊರೆದ ಮೇಲೂ ಸುತ್ತ 3–4 ಮಿ.ಮೀ. ಲೋಹ ಉಳಿಯದಿದ್ದರೆ ನಾನು ಕೈ ಹಾಕುವುದಿಲ್ಲ.

ಕಾಲರ್ ಇಡಲು ಮರೆಯದೆ ಹೇಳಿ. ಹೊರ ಥ್ರೆಡ್ಡಿಗೆ ಎಣ್ಣೆ ಜಿಡ್ಡಿಲ್ಲದಂತೆ ತೊಳೆದು, ಬಿಸಿ ತಡೆಯುವ ಗಟ್ಟಿ ಥ್ರೆಡ್ ಲಾಕರ್ (ಥ್ರೆಡ್ಡಿಗೆ ಹಚ್ಚುವ ಅಂಟು) ಹಚ್ಚಿ ಕೂರಿಸಿ, ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. ಒಳಗಿನ ಥ್ರೆಡ್ಡಿಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಮುಂದಿನ ಸಲ ಬೋಲ್ಟಿನ ಜೊತೆ ಬುಷ್ ಕೂಡ ಬರುತ್ತದೆ.

ಬುಷ್ ಎಲ್ಲ ಬೇಡ, ಮುಂದಿನ ಸೈಜಿಗೆ ಟ್ಯಾಪ್ ಹೊಡೀತೀನಿ. ಎಷ್ಟರ ಡ್ರಿಲ್ ಬೇಕು?

ಬೋಲ್ಟಿನ ಅಳತೆಯಿಂದ ಪಿಚ್ ಕಳೆಯಿರಿ, ಅದೇ ಡ್ರಿಲ್ಲಿನ ಅಳತೆ. ಎಂ16×1.5ಕ್ಕೆ 14.5 ಮಿ.ಮೀ., ಎಂ18×1.5ಕ್ಕೆ 16.5. ಎಂ12 ಹೋಗಿದ್ದರೆ ಎಂ14×1.5ಕ್ಕೆ ಏರಿ, ಡ್ರಿಲ್ 12.5. ಹೆಲಿಕಾಯಿಲ್ ಟ್ಯಾಪಿಗೆ ಈ ಲೆಕ್ಕ ಹೊಂದುವುದಿಲ್ಲ, ಕಿಟ್ ಮೇಲೆ ಬರೆದದ್ದೇ ಪ್ರಮಾಣ.

ಇದು ನೇರವಾದ, ಒಳ್ಳೆಯ ದಾರಿ. ಹೊಸ ಬೋಲ್ಟಿನ ತಲೆ ಮತ್ತು ವಾಷರ್ ಕೂರುವಷ್ಟು ಚಪ್ಪಟೆ ಜಾಗ ಚೇಂಬರಿನಲ್ಲಿ ಇದೆಯಾ ಎಂದು ಮಾತ್ರ ಮೊದಲೇ ಇಟ್ಟು ನೋಡಿ.

ರಬ್ಬರ್ ಪ್ಲಗ್ ಹಾಕಿ ಮನೆವರೆಗೆ ಹೋಗ್ಬಹುದಾ?

ನಿಧಾನಕ್ಕೆ, ಹತ್ತಿರಕ್ಕೆ, ನಡುನಡುವೆ ಇಳಿದು ನೋಡುತ್ತಾ. ನಡುವಿನ ಸ್ಕ್ರೂ ತಿರುಗಿಸಿದರೆ ರಬ್ಬರ್ ಉಬ್ಬಿ ತೂತು ಮುಚ್ಚುವ ಪ್ಲಗ್ ಅದು. ಅದರ ಮೇಲೆ ಎಂಜಿನ್ ನಂಬಿ ಊರೂರು ಸುತ್ತಬೇಡಿ.

ಎಪಾಕ್ಸಿ ಹಾಕಿ ಅಂಟಿಸಿಬಿಟ್ರೆ? ಆಯಿಲ್ ಮೇಲಿಂದ ಎಳೆದ್ರಾಯ್ತು.

ಇದನ್ನು ಕೇಳಿದರೆ ಮೆಕ್ಯಾನಿಕ್‌ಗಳು ನಗುತ್ತಾರೆ. ನಾನು ಪೂರ್ತಿ ನಗುವುದಿಲ್ಲ. ಡಿಪ್‌ಸ್ಟಿಕ್ ಕೊಳವೆಯಲ್ಲಿ ತೆಳು ನಳಿಕೆ ಇಳಿಸಿ ಪಂಪಿನಲ್ಲಿ ಹೀರುವುದು ಒಪ್ಪಿತ ವಿಧಾನವೇ. ನಳಿಕೆ ಚೇಂಬರಿನ ತಳ ಮುಟ್ಟುವ ಗಾಡಿಗಳಲ್ಲಿ ಬಹುಪಾಲು ಆಯಿಲ್ ಬರುತ್ತದೆ. ತಳದ ಕೆಸರು ಮಾತ್ರ ಅಲ್ಲೇ ಉಳಿಯುತ್ತದೆ.

ತೊಂದರೆ ಇರುವುದು ಅಂಟಿನಲ್ಲಿ. ಬಿಸಿ ತಡೆಯುವ ಎಪಾಕ್ಸಿ ಸಿಗುತ್ತದೆ, ಆದರೆ ಜಿಡ್ಡಿನ ಮೇಲೆ ಅದು ಕೂರುವುದಿಲ್ಲ. ತೂತಿನಿಂದ ಆಯಿಲ್ ದಿನವಿಡೀ ತೊಟ್ಟಿಕ್ಕುತ್ತಲೇ ಇರುತ್ತದೆ, ನೀವು ಒರೆಸಿದಷ್ಟೂ ಬರುತ್ತದೆ. ಇನ್ನು ಸ್ವಲ್ಪ ದಿನದಲ್ಲಿ ಗುಜರಿಗೆ ಹೋಗುವ ಗಾಡಿಯಾದರೆ ಮಾಡಿಕೊಳ್ಳಿ. ಇಟ್ಟುಕೊಳ್ಳುವ ಗಾಡಿಗೆ ಬೇಡ.

## ಕೆಲಸಕ್ಕೆ ಇಳಿದವರಿಗೆ

ಚೇಂಬರ್ ಬಿಚ್ಚದೆ ಕೊರೆದ್ರೆ ಚೂರೆಲ್ಲ ಒಳಗೆ ಬೀಳಲ್ವಾ?

ಸ್ವಲ್ಪ ಬಿದ್ದೇ ಬೀಳುತ್ತದೆ. ಆಯಿಲ್ ಮೊದಲು ಸ್ಟ್ರೈನರ್ ಜಾಲರಿ ದಾಟುತ್ತದೆ, ಆಮೇಲೆ ಪಂಪ್, ಆಮೇಲೆ ಫಿಲ್ಟರ್. ಅಂದರೆ ಜಾಲರಿಯಲ್ಲಿ ನುಸುಳುವ ಸಣ್ಣ ಚೂರು ಫಿಲ್ಟರ್ ತಲುಪುವ ಮೊದಲು ಪಂಪನ್ನು ಉಜ್ಜಿಕೊಂಡು ಹೋಗುತ್ತದೆ. ಅಲ್ಯೂಮಿನಿಯಂ ಚೂರನ್ನು ಅಯಸ್ಕಾಂತ ಹಿಡಿಯುವುದೂ ಇಲ್ಲ. ಆದ್ದರಿಂದ ಚೇಂಬರ್ ಸುಲಭಕ್ಕೆ ಇಳಿಯುವ ಗಾಡಿಯಾದರೆ ಇಳಿಸಿಯೇ ಮಾಡಿ.

ಇಳಿಸಲು ಎಂಜಿನ್ನನ್ನೇ ಎತ್ತಬೇಕಾದ ಗಾಡಿಗಳಿವೆ. ಅಲ್ಲಿ ಹೀಗೆ ಮಾಡುತ್ತೇನೆ. ಡ್ರಿಲ್ಲಿನ, ಟ್ಯಾಪಿನ ಕೊರಕಲುಗಳಿಗೆ ಗಟ್ಟಿ ಗ್ರೀಸ್ ತುಂಬುತ್ತೇನೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎರಡು ಸುತ್ತಿಗೊಮ್ಮೆ ಪೂರ್ತಿ ಹೊರಗೆ ತೆಗೆದು ಒರೆಸುತ್ತೇನೆ. ಆಗ ಬಟ್ಟೆಯ ಮೇಲೆ ಬೂದು ಗ್ರೀಸಿನಲ್ಲಿ ಬೆಳ್ಳಿಪುಡಿ ಮಿಂಚುತ್ತದೆ, ಅಷ್ಟೂ ಒಳಗೆ ಬೀಳಬೇಕಿತ್ತು ಅಂತ ನೆನೆದರೆ ಬೇಸರವಾಗುವುದಿಲ್ಲ. ಹೊಸ ಗ್ರೀಸ್ ತುಂಬಿ ಮತ್ತೆ ಹಾಕುತ್ತೇನೆ. ಕೊನೆಗೆ ತೂತು ತೆರೆದೇ ಇಟ್ಟು, ಮೇಲಿನಿಂದ ಒಂದು ಲೀಟರ್ ಅಗ್ಗದ ಹೊಸ ಆಯಿಲ್ ಸುರಿದು ತೊಳೆದು ಬರಲು ಬಿಡುತ್ತೇನೆ. ಬಿಳಿ ಬಟ್ಟೆಯ ಮೇಲೆ ಹಿಡಿದ ಆಯಿಲಿನಲ್ಲಿ ಮಿಂಚು ನಿಲ್ಲುವವರೆಗೆ ಸುರಿಯಬೇಕು.

ಟ್ಯಾಪ್ ನೆಟ್ಟಗೆ ಹೋಗೋ ಹಾಗೆ ಹೇಗೆ ನೋಡ್ಕೊಳ್ಳೋದು?

ಕಣ್ಣಳತೆ ಕೆಳಗೆ ಮಲಗಿದಾಗ ಮೋಸ ಮಾಡುತ್ತದೆ. ದಪ್ಪ ಕಬ್ಬಿಣದ ತುಂಡಿಗೆ ಟ್ಯಾಪ್ ಹಿಡಿಸುವಷ್ಟೇ ತೂತನ್ನು ನೇರವಾಗಿ ಕೊರೆಸಿಕೊಳ್ಳಿ. ಅದನ್ನು ವಾಷರ್ ಕೂರುವ ಮುಖಕ್ಕೆ ಒತ್ತಿ ಹಿಡಿದು ಅದರೊಳಗಿಂದ ಟ್ಯಾಪ್ ನಡೆಸಿ. ಮೊದಲ ಮೂರು ಸುತ್ತು ನೆಟ್ಟಗಾದರೆ ಮಿಕ್ಕದ್ದು ತಾನೇ ಆಗುತ್ತದೆ.

ವೆಲ್ಡಿಂಗ್ ಮಾಡಿಸ್ಬಹುದಾ?

ಮಾಡಿಸಬಹುದು, ಚೇಂಬರ್ ಗಾಡಿಯಿಂದ ಇಳಿಸಿದ ಮೇಲೆ ಮಾತ್ರ. ಗಾಡಿಯಲ್ಲೇ ಇಟ್ಟು ಬೇಡವೇ ಬೇಡ, ಒಳಗೆ ಆಯಿಲ್ ಆವಿ ಇರುತ್ತದೆ. ತಗಡಿನ ಚೇಂಬರಿಗೆ ಇದೇ ಅತ್ಯುತ್ತಮ. ಹಳೆ ನಟ್ ಕತ್ತರಿಸಿ ಹೊಸ ನಟ್ ಸುತ್ತಲೂ ಬೆಸೆದರೆ ಮುಗಿಯಿತು. ಅಲ್ಯೂಮಿನಿಯಮ್ಮಿಗೆ ಟಿಗ್ ವೆಲ್ಡಿಂಗ್ ಬೇಕು, ಮತ್ತು ಹಳೆ ಎರಕದಲ್ಲಿ ಆಯಿಲ್ ಇಂಗಿರುತ್ತದೆ. ಚೆನ್ನಾಗಿ ತೊಳೆದು ಕಾಯಿಸದಿದ್ದರೆ ಬೆಸುಗೆಯಲ್ಲಿ ಗುಳ್ಳೆ ಬರುತ್ತದೆ. ಬಿಸಿಗೆ ಗ್ಯಾಸ್ಕೆಟ್ ಮುಖ ಡೊಂಕಾಗಿದೆಯಾ ಎಂದು ಗಾಜಿನ ಹಲಗೆಯ ಮೇಲೆ ಕೂರಿಸಿ ನೋಡಿಯೇ ಹಾಕಿಸಿ.

ಬುಷ್ ಹಾಕಿದ್ದಾಯ್ತು, ಆದ್ರೂ ಜಿನುಗ್ತಿದೆ. ಎಲ್ಲಿಂದ?

ಎರಡೇ ದಾರಿ. ವಾಷರ್ ಮತ್ತು ಬೋಲ್ಟಿನ ನಡುವೆ, ಇಲ್ಲವೇ ಬುಷ್ ಮತ್ತು ಚೇಂಬರಿನ ನಡುವೆ. ಒರೆಸಿ, ಸುತ್ತ ಮುಖಕ್ಕೆ ಹಾಕುವ ಪೌಡರ್ ಉದುರಿಸಿ, ಹತ್ತು ನಿಮಿಷ ಬಿಡಿ. ಆಯಿಲ್ ಮೊದಲು ಎಲ್ಲಿ ಕಪ್ಪು ಗೆರೆ ಎಳೆಯುತ್ತದೋ ಅಲ್ಲೇ ಕಳ್ಳ. ವಾಷರಿನಿಂದಾದರೆ ಹೊಸದು ಹಾಕಿ, ಅದು ಬುಷ್ಷಿನ ಕಾಲರ್ ಮೇಲೆ ಪೂರ್ತಿ ಕೂರುತ್ತಿದೆಯಾ ನೋಡಿ. ಕಾಲರಿನ ಹೊರಗಿಂದಾದರೆ ಬುಷ್ ಬಿಚ್ಚಿ ಜಿಡ್ಡು ತೊಳೆದು ಮತ್ತೆ ಲಾಕರ್ ಹಚ್ಚುವುದೇ ಗತಿ.

ತಾಮ್ರದ ವಾಷರ್ ಮತ್ತೆ ಬಳಸಬಹುದಾ?

ತಾಮ್ರದ್ದಾದರೆ ಹೌದು. ಒಮ್ಮೆ ಒತ್ತಿದ ತಾಮ್ರ ಗಡುಸಾಗುತ್ತದೆ. ಮಂದ ಕೆಂಪು ಬರುವವರೆಗೆ ಉರಿಯಲ್ಲಿ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ವಾಷರಿಗೆ ಇದನ್ನು ಮಾಡಲು ಹೋಗಬೇಡಿ. ಅದು ಬಣ್ಣ ಬದಲಿಸಿ ಎಚ್ಚರಿಸುವುದಿಲ್ಲ, 660 ಡಿಗ್ರಿಗೆ ಸೀದಾ ಕರಗಿ ಬೀಳುತ್ತದೆ.

ಕೊನೆಗೆ ಎಷ್ಟು ಟೈಟ್ ಮಾಡ್ಲಿ? ನನ್ಹತ್ರ ಟಾರ್ಕ್ ರೆಂಚ್ ಇಲ್ಲ.

ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವ ಅಂಕಿಯೇ ಅಂತಿಮ. ಎಂ14 ಬೋಲ್ಟಿಗೆ 30ರಿಂದ 40 ನ್ಯೂಟನ್ ಮೀಟರ್ ಸಾಮಾನ್ಯ. ರೆಂಚ್ ಇಲ್ಲದಿದ್ದರೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಬೋಲ್ಟಿನ ನಡುವಿನಿಂದ ಸರಿಯಾಗಿ 20 ಸೆಂ.ಮೀ. ದೂರಕ್ಕೆ ಸ್ಪ್ಯಾನರಿಗೆ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ನೇರ ಅಡ್ಡಲಾಗಿ ಎಳೆಯಿರಿ. ತಕ್ಕಡಿ 18 ಕಿಲೋ ತೋರಿಸಿದಾಗ ಸುಮಾರು 35 ನ್ಯೂಟನ್ ಮೀಟರ್ ಆಯಿತು. ಅದೇ 40 ಸೆಂ.ಮೀ. ಹಿಡಿಕೆಯಾದರೆ ಬರೀ 9 ಕಿಲೋ. ಉದ್ದ ಹಿಡಿಕೆಯಲ್ಲಿ ಥ್ರೆಡ್ ಯಾಕೆ ಗೊತ್ತಾಗದೆ ಹೋಗುತ್ತದೆ ಅಂತ ಈಗ ತಿಳಿಯಿತಲ್ಲ.

ಎಂಜಿನ್ ತೀರಾ ಬಿಸಿ ಇದ್ದಾಗ ಬಿಗಿಯಬೇಡಿ. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಕೈ ತಡೆಯುವಷ್ಟು ಆರಲಿ.

ಇಷ್ಟೆಲ್ಲ ಒದ್ದಾಟ ಬಿಟ್ಟು ಚೇಂಬರೇ ಬದಲಾಯಿಸಿದ್ರೆ?

ಸಿಗುವುದಾದರೆ, ತೂತಿನ ಸುತ್ತ ಬಿರುಕು ಕಂಡರೆ, ಅಥವಾ ಈಗಾಗಲೇ ಯಾರೋ ಎರಡು ಸಲ ದೊಡ್ಡದು ಮಾಡಿ ಲೋಹವೇ ಉಳಿಯದಿದ್ದರೆ ಬದಲಿಸಿ. ತಗಡಿನ ಚೇಂಬರ್ ಆಗಿ ನಾಲ್ಕು ಬೋಲ್ಟಿಗೆ ಇಳಿಯುವಂತಿದ್ದರೂ ಬದಲಿಸುವುದೇ ಸುಖ. ಮಿಕ್ಕಂತೆ ಸರಿಯಾಗಿ ಹಾಕಿದ ಬುಷ್ ಹೊಸ ಚೇಂಬರಿನ ಬರೀ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಜಾಸ್ತಿ ಬಾಳುತ್ತದೆ.

ರಿಪೇರಿ ಆಯ್ತು. ಇನ್ನು ಎಷ್ಟು ದಿನ ಕೆಳಗೆ ಬಗ್ಗಿ ನೋಡ್ತಾ ಇರ್ಬೇಕು?

ಆಯಿಲ್ ತುಂಬಿ, ಎಂಜಿನ್ ಹಚ್ಚದೆ ಒಂದು ಗಂಟೆ ಕೆಳಗೆ ರಟ್ಟು ಹಾಸಿಡಿ. ಆಮೇಲೆ ಹತ್ತು ನಿಮಿಷ ಓಡಿಸಿ ನೋಡಿ. ಮರುದಿನ ಒಂದು ಸುತ್ತು ಹೋಗಿ ಬಂದು ಮತ್ತೆ ನೋಡಿ, ಡಿಪ್‌ಸ್ಟಿಕ್ಕನ್ನೂ ಎಳೆದು ನೋಡಿ. ವಾರದ ಮೇಲೆ ಇನ್ನೊಮ್ಮೆ. ನೋಡುವುದು ಅಂದರೆ ನೋಡುವುದು ಮಾತ್ರ, ಹೋದಾಗಲೆಲ್ಲ ಸ್ಪ್ಯಾನರ್ ಹಾಕಿ ಚೂರು ತಿರುಗಿಸಿ ಬರಬೇಡಿ. ಅದಕ್ಕೇ ನಾನು ಬಿಗಿದ ದಿನವೇ ಬೋಲ್ಟಿನ ತಲೆಯಿಂದ ಚೇಂಬರಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಡುತ್ತೇನೆ. ಗೆರೆ ನೇರ ಇದ್ದರೆ ಬೋಲ್ಟ್ ಅಲುಗಿಲ್ಲ, ಟಾರ್ಚ್ ಆರಿಸಿ ಎದ್ದು ಬರುತ್ತೇನೆ.